ಅಪ್ಪ ಊರಿದ ಕಾಲು

ಇದು ನಡೆದದ್ದು ಹೀಗೆಯೋ, ಅವ್ವ ಹೇಳಿ ಹೇಳಿ ಹೀಗಾಯಿತೋ, ಖಚಿತವಿಲ್ಲ. ಈಗಲೂ ತುಕ್ಕಿನ ವಾಸನೆ ಬಂದರೆ ಅಂಧೇರಿಯ ಚಾಳಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಕಾಲಿನ ಆಪರೇಶನ್ ಆಗಿತ್ತು. ಅದರ ಮೇಲೆ ಹತ್ತು ಕಿಲೋ ಭಾರವನ್ನಷ್ಟೇ ಬಿಡಿ ಎಂದಿದ್ದರು ಡಾಕ್ಟರು. ಅಪ್ಪ ಹೆದರಿ ಪಾದವನ್ನು ನೆಲಕ್ಕೆ ತಾಗಿಸುತ್ತಲೇ ಇರಲಿಲ್ಲ. ಹೀಗೇ ಕೂತರೆ ಕಾರ್ಖಾನೆಯ ಕೆಲಸ ಹೋಗುತ್ತಿತ್ತು. ಗುಜರಿ ಅಂಗಡಿಯ ಸೋದರಮಾವ ತನ್ನ ತೂಕದ ಕಾಟಾ ಹೊತ್ತು ತಂದ.

“ಮುಳ್ಳು ಹತ್ತಕ್ಕ ಬರೂತನಕಾ ಊರ್ರಿ, ಭಾವಾ.”

“ಯಣ್ಣಾ, ಗಿರಾಕಿಗೆ ತೂಗಿದಂಗ ತೂಗಬ್ಯಾಡ,” ಎಂದಳು ಅವ್ವ.

“ಮನಿ ಮಂದಿಗೆ ಕರೆಕ್ಟ್ ತೂಗತೈತಿ ಬಿಡವಾ.”

ಅಪ್ಪ ನಕ್ಕ. ನಗುತ್ತಲೇ ಮುಳ್ಳು ಹತ್ತು ಮುಟ್ಟುವವರೆಗೆ ಕಾಲೂರಿದ. ಆಮೇಲೆ ದಿನವೂ ಊರಿದ, ನಡೆದ.

ದೊಡ್ಡವನಾದ ಮೇಲೆ ಆ ಕಾಟಾದ ಮೇಲೂ ಸ್ಟೇಶನ್ನಿನ ತೂಕದ ಮಶೀನಿನ ಮೇಲೂ ನಿಂತು ನೋಡಿದೆ. ಕಾಟಾ ನಿಜಕ್ಕೂ ತೂಕ ಕಡಿಮೆ ತೋರಿಸುತ್ತಿತ್ತು.