ಚಳ್ಳಕೆರೆಯ ಭೂತಗನ್ನಡಿ

ಜುಂಜಣ್ಣನ ಅಂಗಡಿಯ ಮುಂದೆ ಕ್ಯಾತಮ್ಮ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಗುರುತು ಸಿಗಬಾರದಿತ್ತು. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಎತ್ತಿನಗಾಡಿಯಲ್ಲಿ ಬಂದದ್ದೇ ಗುಟ್ಟು ಕದಿಯಲು.

ಕಾಗದದ ಮೇಲೆ ಕಾಸಿನಗಲದ ದೇವಿಯರನ್ನು ಬರೆಯುವುದರಲ್ಲಿ ಒಂದು ಕಾಲಕ್ಕೆ ಅವಳನ್ನು ಮೀರಿಸುವವರಿರಲಿಲ್ಲ. ಈಗ ಐವತ್ತು ದಾಟಿತ್ತು. ಹತ್ತಿರದ್ದೆಲ್ಲ ಮಂಜು. ೧೯೦೭ರ ಆ ಮಾಘದಲ್ಲಿ ರಾಂಪುರದ ಸೋಮಶೇಖರಪ್ಪನವರು ಮಗಳ ಮದುವೆಗೆಂದು ಚಿತ್ರ ಕೇಳಲು ಬಂದು, ಅವಳ ಹೊಸ ದೇವಿಯನ್ನು ನೋಡಿ ಮುಖ ಕಿವುಚಿದ್ದರು.

"ಜುಂಜಣ್ಣನ ಅಂಗಡೀಲಿರೋ ದೇವೀನ ನೋಡಮ್ಮ, ರೆಪ್ಪೆಗೂದ್ಲು ಎಣಿಸಬೋದು. ಅಲ್ಲಿ ನಾಲ್ಕೇ ಅವೆ, ನಂಗೆ ಇಪ್ಪತ್ತು ಬೇಕು. ಅಂಗೇ ಬರೀತೀಯಾ?"

"ಬರೀತೀನ್ರಿ" ಎಂದುಬಿಟ್ಟಿದ್ದಳು.

ಅಂಗಡಿಯಲ್ಲಿ ಹಿತ್ತಾಳೆ ಕಟ್ಟು ಹಾಕಿಸಿದ ನಾಲ್ಕು ಚಿತ್ರಗಳಿದ್ದವು. ಅವಳಿಗೆ ಕಂಡದ್ದು ನಾಲ್ಕು ಕೆಂಪು ಬೊಟ್ಟು. ಜುಂಜಣ್ಣನ ಕೈ ನೋಡಿದಳು. ಉಗುರಿನಲ್ಲಿ ಒಂದು ಹನಿ ಬಣ್ಣವಿಲ್ಲ. ಎಂಥ ಅಚ್ಚುಕಟ್ಟಿನ ಮನುಷ್ಯ!

"ಇಷ್ಟು ಸಣ್ಣದು ಹೆಂಗಣ್ಣ?"

"ಎಲ್ಲಾ ಇದರ ಮಹಿಮೆ ಕಣಕ್ಕ." ಅವನು ಹಿಡಿಯಿರುವ ಭೂತಗನ್ನಡಿಯನ್ನು ಎತ್ತಿ ತೋರಿಸಿದ. "ಇದಿಲ್ದಿದ್ರೆ ನಂಗೂ ರೆಪ್ಪೆಗೂದ್ಲು ಕಾಣ್ತಿರಲಿಲ್ಲ."

ಗುಟ್ಟು ಇಷ್ಟೇ!

"ನಂಗೊಂದು ಬೇಕಾಗಿತ್ತು. ರೇಷ್ಮೆ ಎಳೆ ನೋಡೋಕೆ."

"ಇನ್ನೊಂದೈತೆ, ತಗೊಂಡೋಗು."

ಜೊತೆಗೆ ಒಂದು ದೇವಿಯನ್ನೂ ಕೊಂಡಳು, ಅವನ ಗೆರೆ ಕಲಿಯಲು. ಎರಡಕ್ಕೂ ಬದಲಾಗಿ ಮಗಳು ನೇಯ್ದ ರೇಷ್ಮೆ ಕುಪ್ಪಸದ ಕಣ ಕೊಟ್ಟಳು.

ಊರಿಗೆ ಮರಳಿದ ಮರುದಿನ ಮನೆಯ ಬಾಗಿಲ ಬಿಸಿಲಿನಲ್ಲಿ ಕೂತು ಗಾಜನ್ನು ಅಂಗೈ ಮೇಲೆ ಹಿಡಿದಳು. ರೇಖೆಗಳು ಉತ್ತ ಹೊಲದ ಸಾಲಿನಂತೆ ಎದ್ದು ಬಂದವು. ನಗು ತಡೆಯಲಾಗಲಿಲ್ಲ. ಅಳಿಲ ಬಾಲದ ಕುಂಚವನ್ನು ಬಣ್ಣಕ್ಕೆ ಅದ್ದಿ ಒಂದು ಕಣ್ಣು ಬರೆದಳು. ಒಂದೊಂದು ರೆಪ್ಪೆಗೂದಲೂ ಬಿಡಿಬಿಡಿಯಾಗಿ ನಿಂತಿತು. ಕೈ ಏನನ್ನೂ ಮರೆತಿರಲಿಲ್ಲ.

ಇನ್ನು ಆ ಜುಂಜಣ್ಣನ ಕೈಚಳಕ ನೋಡೋಣ ಎಂದು, ತಂದ ದೇವಿಯ ಮೇಲೆ ಗಾಜು ಹಿಡಿದಳು. ಕಣ್ಣು, ಮೂಗುತಿ, ಸೀರೆಯ ಅಂಚು, ಪಾದ. ಪಾದದ ಹತ್ತಿರ ಗಾಜು ನಿಂತುಬಿಟ್ಟಿತು. ಎಡಗಾಲಿಗೆ ಆರು ಬೆರಳು!

ಅವ್ವ ಬಿದ್ದು ಬಿದ್ದು ನಗುವುದು ಕೇಳಿ ಮಗಳು ಸೂರಮ್ಮ ಮಗ್ಗದ ಗುಂಡಿಯಿಂದ ಎದ್ದು ಬಂದಳು.

"ಏನವ್ವಾ? ಅವನು ತಪ್ಪು ಬರೆದವ್ನಾ?"

"ಅವನೆಲ್ಲಿ ಬರೆದ! ನೀನು ಹುಟ್ಟಿದ ವರ್ಷ ಒಂದು ಕೈಲಿ ನಿನ್ನ ತೊಟ್ಟಿಲು ತೂಗ್ತಾ ಬೆರಳ ಲೆಕ್ಕ ತಪ್ಪಿ ನಾನೇ ಬರೆದು ಬಳ್ಳಾರಿ ವ್ಯಾಪಾರಿ ಸಾಬರಿಗೆ ಮಾರಿದ್ದು ಕಣೇ ಇದು!"