ಮೌನ ಗಲ್ಲಿಯ ಇತಿಹಾಸ

“ಅಜ್ಜಾ, ಸುತ್ತಿಗೆ ಕೆಳಗಿಡಿ. ಇದು ಮೌನ ಗಲ್ಲಿ,” ಎಂದರು ನಗರಸಭೆಯ ಅಧಿಕಾರಿ.

ಬಕೆಟ್ಟಿಗೆ ಹೊಸ ತಳ ಕೂರಿಸುತ್ತಿದ್ದ ತಗಡಿನಜ್ಜ ತಲೆಯೆತ್ತಿದ. “ಯಾವಾಗಿಂದ ಸ್ವಾಮಿ?”

“ಇವತ್ತಿಂದ. ಮೂರು ಜನ ದೊಡ್ಡ ಸಾಹಿತಿಗಳು ಬಾಳಿದ ಜಾಗ ಇದು. ಇಂಥ ಪ್ರಶಾಂತತೆ ಇಲ್ದಿದ್ರೆ ಅಷ್ಟೆಲ್ಲ ಬರೆಯೋಕಾಗ್ತಿತ್ತಾ? ಇದರ ಇತಿಹಾಸ ಬರೆದು ನಾಳೆ ಫಲಕ ಹಾಕ್ತೀವಿ. ನಿಮ್ಮ ಅಂಗಡಿಗೆ ಊರಾಚೆ ಜಾಗ ಕೊಡ್ತೀವಿ.” ಅವರು ಜೇಬಿನಿಂದ ತೆರವಿನ ನೋಟಿಸು ತೆಗೆದು ತೋರಿಸಿದರು. “ಸಂಜೆ ಸಹಿ ಹಾಕಿ ಕೊಡ್ತೀನಿ.” ಹಾಗೆಂದು ಇತಿಹಾಸ ಬರೆಯಲು ಅಂಗಡಿಯ ಮೇಲಿನ ಕೋಣೆಗೆ ಹತ್ತಿದರು. ಕಾದಂಬರಿಕಾರರೊಬ್ಬರು ಮೂವತ್ತು ವರ್ಷ ಕೂತು ಬರೆದ ಕೋಣೆ ಅದು.

ಅಂಗಡಿಯೊಳಗಿಂದ ಅಜ್ಜನ ಹೆಂಡತಿ ಸಿಡುಕಿದಳು. “ಬಾಯಿಗೆ ಬೀಗ ಹಾಕ್ಕೊಂಡಿದ್ರೇನ್ರೀ? ಈ ವಯಸ್ಸಲ್ಲಿ ಊರಾಚೆ ಹೋಗಿ ಯಾರ ಬಕೆಟ್ಟು ಬಡೀತೀರಿ?”

“ಸುಮ್ನಿರೇ. ಮೇಲಿರೋನು ನೋಡ್ಕೋತಾನೆ.”

“ಯಾರು, ಈ ಅಧಿಕಾರೀನಾ?”

ಅಜ್ಜ ಸುತ್ತಿಗೆಯನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟ. ಗಲ್ಲಿ ನಿಜಕ್ಕೂ ಮೌನವಾಯಿತು. ಮಹಡಿಯಲ್ಲಿ ಕುರ್ಚಿ ಎಳೆದ ಸದ್ದು. ಆಮೇಲೆ ಹಾಳೆ ಹರಿದ ಸದ್ದು. ಮತ್ತೆ ಹರಿದ ಸದ್ದು. ಎದುರು ಮನೆಯ ನಲ್ಲಿ ತೊಟ್ಟಿಕ್ಕುವುದು, ಯಾರದೋ ಸೀನು, ತಮ್ಮದೇ ಹೊಟ್ಟೆಯ ಗುಡುಗುಡು, ಒಂದೊಂದೂ ಅಧಿಕಾರಿಗೆ ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು. ‘ಈ ಗಲ್ಲಿಯಲ್ಲಿ’ ಎಂದು ಬರೆದದ್ದಷ್ಟೇ, ಮುಂದಿನ ಪದ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಮಧ್ಯಾಹ್ನ ಕಿಟಕಿ ತೆರೆಯಿತು.

“ಅಜ್ಜಾ... ಆ ಬಕೆಟ್ಟು ಮುಗೀತಾ?”

“ಎಲ್ಲಿ ಸ್ವಾಮಿ? ಅರ್ಧಕ್ಕೇ ನಿಂತಿದೆ.”

“ನಂದೂ,” ಎಂದರು ಅಧಿಕಾರಿ. “ಒಂಚೂರು... ಬಡೀರಿ.”

ಅಜ್ಜ ಬಡಿಯತೊಡಗಿದ. ಮೇಲೆ ಪೆನ್ನು ಓಡತೊಡಗಿತು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಆ ಕಾದಂಬರಿಯವರೂ ಬಂದ ಮೊದಲ ದಿನ ಜಗಳ ಆಡಿ ನಿಲ್ಲಿಸಿದ್ರು. ಆಮೇಲೆ ಇದೇ ಕಿಟಕಿಯಿಂದ ಗೋಗರೆದ್ರು!”

“ಇವರೇ ವಾಸಿ ಕಣೇ. ಅವರು ಸಂಜೆ ತನಕ ಹಟ ಹಿಡಿದಿದ್ರು.”

ಸಂಜೆ ಅಧಿಕಾರಿ ಬೆವರೊರೆಸಿಕೊಳ್ಳುತ್ತ ಇಳಿದು ಬಂದರು. ಹಾಳೆಗಳೆಲ್ಲ ಹರಿದು ಮುಗಿದಿದ್ದವು. ಗಲ್ಲಿಯ ಇತಿಹಾಸ ನೋಟಿಸಿನ ಬೆನ್ನ ಮೇಲೆ ತುಂಬಿಕೊಂಡಿತ್ತು. ಸಹಿಯ ಮಾತನ್ನು ಅವರು ಎತ್ತಲಿಲ್ಲ, ಅಜ್ಜನೂ ಕೇಳಲಿಲ್ಲ.

ಮರುದಿನ ಅಂಗಡಿಯ ನೆತ್ತಿಯ ಮೇಲೆ ಇತಿಹಾಸದ ಫಲಕ ಏರಿತು, ತುದಿಗೆ ‘ಸದ್ದು ಮಾಡಬೇಡಿ’ ಎಂಬ ಸಾಲು. ನಾಲ್ಕು ಮೂಲೆಗೂ ಮೊಳೆ ಹೊಡೆದವನು ತಗಡಿನಜ್ಜ. ಇಡೀ ಗಲ್ಲಿಗೇ ಕೇಳಿಸಿತು.