ಜಾಲರಿ ಇದ್ದ ಜಾಗ

ಅಣ್ಣನ ಬದಲಿಗೆ ಕಾರ್ಖಾನೆಯ ಕೆಲಸಕ್ಕೆ ಬಂದ ತಂಗಿ ದೇವರಿಗೆ ಮುಗಿಯಲೆಂದು ಎತ್ತಿದ ಕೈಗಳು ಎದೆಯ ಹತ್ತಿರವೇ ನಿಂತುಬಿಟ್ಟವು. ಅಣ್ಣನ ಬಲಗೈ ತಿಂದ ತಗಡು ಒತ್ತುವ ಯಂತ್ರ ಇದೇ. ಕೈ ಒಳಗೆ ಹೋಗದಂತೆ ತಡೆಯುವ ಜಾಲರಿಯನ್ನು ಕಿತ್ತು, ಅದರ ಸ್ಕ್ರೂ ಕೂತಿದ್ದ ತೂತುಗಳಿಗೇ ದೇವರ ಪಟವನ್ನು ಬಿಗಿದಿದ್ದರು.

“ಬೇಗ ಕೈ ಮುಗಿಯಮ್ಮ,” ಎಂದ ಮೇಸ್ತ್ರಿ. “ಜಾಲರಿ ಇದ್ರೆ ಕೆಲಸ ಸಾಗಲ್ಲ. ದೇವರಿದ್ದಾನೆ, ನೋಡ್ಕೋತಾನೆ. ನಿಮ್ಮಣ್ಣನಿಗೆ ಭಕ್ತಿ ಸಾಲ್ದು, ಅದಕ್ಕೇ ಹಾಗಾಯ್ತು.”

“ನಮ್ಮಣ್ಣ ದಿನಾ ಮುಗೀತಿದ್ದ ಸಾರ್. ಮುಗಿಯೋಕೆ ಎರಡು ಕೈ ಇದ್ವಲ್ಲ ಆಗ.”

ಪಕ್ಕದ ಯಂತ್ರದವಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಮೇಸ್ತ್ರಿ ಬಾಗಿಲು ತೋರಿಸಿದ. “ಇಷ್ಟ ಇಲ್ದಿದ್ರೆ ಹೊರಡು. ಆಚೆ ಸಾಲುಗಟ್ಟಿ ನಿಂತಿದ್ದಾರೆ ಜನ.”

ಮನೆಯಲ್ಲಿ ಅಣ್ಣನ ಬಾಯಿಗೆ ತುತ್ತಿಡಬೇಕಾದವಳು ಅವಳೊಬ್ಬಳೇ. ತಂಗಿ ಕೈಗಳನ್ನು ಕೆಳಗಿಳಿಸಿದಳು. ಜೀವಮಾನದಲ್ಲಿ ಮೊದಲ ಸಲ ಯಾರಿಗೂ ಕೈಮುಗಿಯದೆ, ತಗಡನ್ನು ಹಿಡಿದು ಯಂತ್ರದ ಬಾಯಿಗೆ ಕೊಟ್ಟಳು.